ನಿಂತುಹೋದ ನೂಲಿಗೆ ಬದಲಿ ಹುಡುಕಿದ್ದು

ಅಪ್ಪನ ಬೆಳಗಿನ ನಡಿಗೆಗೆಂದು ತೋಳಿಲ್ಲದ ಸ್ವೆಟರ್ ಹೆಣೆಯಲು ನಾನು ಆರಿಸಿಕೊಂಡಿದ್ದ ಹಳೆಯ ಬ್ರಿಟಿಷ್ ಪ್ಯಾಟರ್ನ್ ರೋವನ್ ಕಂಪನಿಯ ‘ವುಲ್ ಕಾಟನ್’ ನೂಲಿಗಾಗಿ ಬರೆದದ್ದು. ಅರ್ಧ ಮೆರಿನೊ ಉಣ್ಣೆ, ಅರ್ಧ ಹತ್ತಿ ಬೆರೆತ ಆ ನೂಲು ಮೈಸೂರಿನ ಡಿಸೆಂಬರ್ ಚಳಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅದರ ತಯಾರಿಕೆಯೇ ಈಗ ನಿಂತಿದೆ.

ಮೊದಲ ಸಲ ನಾನು ಲೇಬಲ್ಲಿನ ಮೇಲಿದ್ದ ‘ಡಿಕೆ’ ಎಂಬ ದಪ್ಪದ ಹೆಸರನ್ನಷ್ಟೇ ನೋಡಿ, ಅದೇ ದಪ್ಪದ ಅಪ್ಪಟ ಹತ್ತಿ ನೂಲನ್ನು ತಂದೆ. 10 ಸೆಂ.ಮೀ.ಗೆ 22 ಕುಣಿಕೆ, 30 ಸಾಲು ಎಂಬ ಲೆಕ್ಕ ಸರಿಯಾಗಿಯೇ ಬಂದಿದ್ದರಿಂದ ನಿಶ್ಚಿಂತೆಯಿಂದ ಹೆಣೆದು ಮುಗಿಸಿದೆ. ಅಪ್ಪ ನಾಲ್ಕು ದಿನ ತೊಡುವಷ್ಟರಲ್ಲಿ ಸ್ವೆಟರ್ ಸೊಂಟದಿಂದ ಕೆಳಗಿಳಿದಿತ್ತು, ತೋಳಿನ ಕಂಡಿಗಳು ಜೋತುಬಿದ್ದಿದ್ದವು, ಕೆಳ ಅಂಚಿನ ಹಿಗ್ಗುವ ಪಟ್ಟಿ (ರಿಬ್) ಮೈಗೆ ಅಂಟಿಕೊಳ್ಳದೆ ಬಾಯಿ ಬಿಟ್ಟಿತ್ತು.

ಕಾರಣ ಎಳೆಯ ಸ್ವಭಾವದಲ್ಲಿದೆ. ಉಣ್ಣೆಯ ಎಳೆ ಹುಟ್ಟಿನಿಂದಲೇ ಗುಂಗುರಾಗಿರುವುದರಿಂದ ಎಳೆದರೆ ಹಿಗ್ಗಿ, ಬಿಟ್ಟರೆ ಮತ್ತೆ ಮೊದಲಿನ ಅಳತೆಗೆ ಮರಳುತ್ತದೆ. ಹತ್ತಿಗೆ ಆ ಮರಳುವ ಗುಣ ಬಹಳ ಕಡಿಮೆ. ಅದರ ಮೇಲೆ ತೂಕದ ವ್ಯತ್ಯಾಸವೂ ಸೇರುತ್ತದೆ. ಒಂದು ಘನ ಸೆಂ.ಮೀ. ಹತ್ತಿ ಎಳೆ ಸುಮಾರು 1.5 ಗ್ರಾಂ ತೂಗಿದರೆ, ಉಣ್ಣೆ ಸುಮಾರು 1.3 ಗ್ರಾಂ, ಅಕ್ರಿಲಿಕ್ ಸುಮಾರು 1.2 ಗ್ರಾಂ ತೂಗುತ್ತವೆ. ಹೀಗಾಗಿ ಅಷ್ಟೇ ದಪ್ಪದ ನೂಲಿನಲ್ಲಿ ಹೆಣೆದರೂ ಹತ್ತಿಯ ಉಡುಪು ಭಾರವಾಗುತ್ತದೆ, ಆ ಭಾರವೇ ಅದನ್ನು ದಿನದಿಂದ ದಿನಕ್ಕೆ ಕೆಳಗೆಳೆಯುತ್ತದೆ. ಲೆಕ್ಕ ನೋಡಲು ಮೊದಲೇ ಹೆಣೆಯುವ ಅಂಗೈಯಗಲದ ಮಾದರಿ ತುಂಡಿನಲ್ಲಿ ಇದು ಕಾಣುವುದೇ ಇಲ್ಲ. ಆದ್ದರಿಂದ ನಾನೀಗ ತುಂಡನ್ನು ಕನಿಷ್ಠ 15 ಸೆಂ.ಮೀ. ಅಗಲಕ್ಕೆ ಹೆಣೆದು, ಉಡುಪನ್ನು ಒಗೆಯುವ ರೀತಿಯಲ್ಲೇ ಒಗೆದು ಒಣಗಿಸಿ, ಕೆಳತುದಿಗೆ ಬಟ್ಟೆಯ ಕ್ಲಿಪ್ಪುಗಳನ್ನು ಸಿಕ್ಕಿಸಿ ಒಂದು ರಾತ್ರಿ ನೇತುಹಾಕಿದ ಮೇಲಷ್ಟೇ ಅಳೆಯುತ್ತೇನೆ.

ಎರಡನೆಯ ಸಲ ಉಣ್ಣೆ ಮತ್ತು ಹತ್ತಿ ಬೆರೆತ ನೂಲನ್ನೇ ಹುಡುಕಿದೆ. 4 ಮಿ.ಮೀ. ಕಡ್ಡಿಯಲ್ಲಿ, ಅಂದರೆ ನಮ್ಮ ಅಮ್ಮಂದಿರು 8 ನಂಬರ್ ಎನ್ನುವ ಕಡ್ಡಿಯಲ್ಲಿ, 22ರ ಬದಲು 21 ಕುಣಿಕೆ ಬಂತು. ಒಂದೇ ಕುಣಿಕೆಯ ವ್ಯತ್ಯಾಸವೆಂದು ಬಿಡುವಂತಿರಲಿಲ್ಲ. 220 ಕುಣಿಕೆಗಳ ಸುತ್ತಳತೆ 100 ಸೆಂ.ಮೀ. ಇರಬೇಕಾದಲ್ಲಿ ಸುಮಾರು 105 ಆಗುತ್ತಿತ್ತು. 9 ನಂಬರ್ ಕಡ್ಡಿಗೆ, ಅಂದರೆ 3.75 ಮಿ.ಮೀ.ಗೆ, ಇಳಿದಾಗ ಲೆಕ್ಕ ಕೂಡಿತು. ಸಾಲುಗಳ ಸಂಖ್ಯೆ ತುಸು ಬೇರೆಯಾದರೂ, ಪ್ಯಾಟರ್ನ್ ಉದ್ದವನ್ನು ಸೆಂಟಿಮೀಟರಿನಲ್ಲೇ ಹೇಳಿದ್ದರಿಂದ ತೊಂದರೆಯಾಗಲಿಲ್ಲ.

ಇನ್ನು ಎಷ್ಟು ಕೊಳ್ಳಬೇಕೆಂಬ ಪ್ರಶ್ನೆ. ಇದನ್ನು ಗ್ರಾಂಗಳಲ್ಲಿ ಎಣಿಸಬಾರದು, ಮೀಟರುಗಳಲ್ಲಿ ಎಣಿಸಬೇಕು. ಹಳೆಯ ನೂಲಿನ 50 ಗ್ರಾಂ ಉಂಡೆಯಲ್ಲಿ 113 ಮೀಟರ್ ಇತ್ತು. ಪ್ಯಾಟರ್ನ್ ಕೇಳಿದ 9 ಉಂಡೆಗಳೆಂದರೆ 1017 ಮೀಟರ್. ನನ್ನ ಹೊಸ ನೂಲಿನ 50 ಗ್ರಾಂ ಉಂಡೆಯಲ್ಲಿದ್ದದ್ದು 105 ಮೀಟರ್. ತೂಕವನ್ನು ನಂಬಿ 9 ಉಂಡೆ ತಂದಿದ್ದರೆ ಕೊನೆಗೆ 72 ಮೀಟರ್ ಕಡಿಮೆ ಬೀಳುತ್ತಿತ್ತು, ಆಮೇಲೆ ಒಟ್ಟಿಗೆ ಬಣ್ಣ ಹಾಕಿದ ಅದೇ ಡೈ ಲಾಟ್‌ನ ಬಣ್ಣ ಸಿಗುವುದು ಅದೃಷ್ಟದ ಮಾತಾಗುತ್ತಿತ್ತು. ಲೇಬಲ್ಲಿನಲ್ಲಿ ಮೀಟರುಗಳನ್ನು ನಮೂದಿಸದ ನೂಲಾದರೆ 10 ಮೀಟರ್ ಅಳೆದು, ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಲೆಕ್ಕ ಹಾಕಬಹುದು.

ಒಂದೇ ಲಾಟ್‌ನ 11 ಉಂಡೆ ತಂದೆ. ಸ್ವೆಟರ್ ಮುಗಿದಾಗ ಹತ್ತನೆಯದರಲ್ಲಿ ಸ್ವಲ್ಪ ಉಳಿಯಿತು, ಹನ್ನೊಂದನೆಯದನ್ನು ಬಿಚ್ಚಲೇ ಇಲ್ಲ. ಈ ನೂಲೂ ಮುಂದೊಂದು ದಿನ ನಿಂತೀತೆಂದು ಆ ಉಂಡೆಯನ್ನು ಲೇಬಲ್ ಮತ್ತು ಒಗೆದ ಮಾದರಿ ತುಂಡಿನ ಸಮೇತ, ಕಡ್ಡಿಯ ನಂಬರ್ ಬರೆದ ಚೀಟಿಯೊಂದಿಗೆ, ಎತ್ತಿಟ್ಟಿದ್ದೇನೆ.