ಹಿಮಕ್ಕೆ ಯಾವ ಬಿಳುಪು?

ಕಪ್ಪು-ಬಿಳುಪು ಚಿತ್ರದಲ್ಲಿ ಅಚ್ಚ ಬಿಳಿ ಇರುವಲ್ಲಿ ಪ್ರಿಂಟರ್ ಶಾಯಿಯನ್ನೇ ಹಾಕುವುದಿಲ್ಲ. ಅಲ್ಲಿ ಕಣ್ಣಿಗೆ ಬೀಳುವುದು ಕಾಗದದ ಸ್ವಂತ ಬಣ್ಣ. ಮದುವೆಯ ಚಿತ್ರಕ್ಕೆ ಇದೇನು ದೊಡ್ಡ ಮಾತಲ್ಲ. ಆದರೆ ನಾನು ಜನವರಿಯ ಬೆಳಗಿನಲ್ಲಿ ಊಟಿ ಪಕ್ಕದ ತಲೈಕುಂದದಲ್ಲಿ ತೆಗೆದ ಚಿತ್ರಗಳಲ್ಲಿ ಅರ್ಧಕ್ಕರ್ಧ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯೇ ಇದೆ. ಅಲ್ಲಿ ಕಾಗದವೇ ಹಿಮ.

ಹೊಸೂರಿನ ನಮ್ಮ ಮನೆಯ ಹಜಾರಕ್ಕೆ ಅವನ್ನು ಹಾಕಿಸಲೆಂದು ಪರಿಚಯದ ಫೋಟೋ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಒಬ್ಬರಿಗೆ ತಮಿಳಿನಲ್ಲಿ ಲೆಕ್ಕ ಹೇಳಿ, ಇನ್ನೊಬ್ಬರನ್ನು ತೆಲುಗಿನಲ್ಲಿ ಸಮಾಧಾನಪಡಿಸಿ, ನನ್ನ ಕಡೆ ತಿರುಗಿದ: “ಗ್ಲಾಸಿಯಲ್ಲೇ ತೆಗೆಯೋಣವೇ ಸಾರ್?”

“ಬೇಡಪ್ಪ. ಒಂದೇ ಚಿತ್ರವನ್ನು ಬೇರೆ ಬೇರೆ ಕಾಗದದ ತುಂಡುಗಳ ಮೇಲೆ ತೆಗೆದುಕೊಡು.”

ತುಂಡುಗಳನ್ನು ಹಿಡಿದುಕೊಂಡು ಅಂಗಡಿಯ ಎಲ್‌ಇಡಿ ಬೆಳಕಿಗೂ ಬಾಗಿಲಾಚೆಯ ಬಿಸಿಲಿಗೂ ಓಡಾಡಿದೆ. ಒಳಗೆ ಹೆಚ್ಚುಕಡಿಮೆ ಒಂದೇ ತರಹ ಇದ್ದ ಎರಡು ಬಿಳುಪುಗಳಲ್ಲಿ ಒಂದು ಬಿಸಿಲಿಗೆ ಬಂದ ಕೂಡಲೇ ನೀಲಿ ಹಾಕಿ ಒಗೆದ ಪಂಚೆಯಂತೆ ಹೊಳೆಯಿತು. ಅದರಲ್ಲಿ ಹೊಳಪುಕಾರಕ ರಾಸಾಯನಿಕ ಬೆರೆತಿರುತ್ತದೆ. ಅದು ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಸಾಮಾನ್ಯ ಎಲ್‌ಇಡಿಯಲ್ಲಿ ಆ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ವರ್ಷಗಳು ಕಳೆದಂತೆ ರಾಸಾಯನಿಕದ ಶಕ್ತಿ ಕುಂದಿ ಕಾಗದ ಹಳದಿಗೆ ತಿರುಗುತ್ತದೆ. ಬೆಳಗ್ಗೆ ಒಂದು ಬಣ್ಣ, ರಾತ್ರಿ ಒಂದು ಬಣ್ಣ ತೋರುವ ಹಿಮ ನನಗೆ ಬೇಡವಾಯಿತು.

ಉಳಿದದ್ದು ಎರಡು: ಬರೈಟಾ ಮತ್ತು ಹತ್ತಿಯ ಮ್ಯಾಟ್, ಅಂದರೆ ಹೊಳಪಿಲ್ಲದ, ಕಾಗದ. ಬರೈಟಾಕ್ಕೆ ಬೇರಿಯಂ ಸಲ್ಫೇಟಿನ ಲೇಪವಿರುತ್ತದೆ. ಕತ್ತಲೆಕೋಣೆಯ ಕಾಲದ ಒಳ್ಳೆಯ ಕಾಗದಗಳಿಗೂ ಇದೇ ಲೇಪವಿತ್ತು. ಅಂದಹಾಗೆ, 1960ರಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಇದ್ದದ್ದು ಊಟಿಯಲ್ಲೇ. ‘ಇಂದು’ ಹೆಸರಿನ ಅದರ ಕಾಗದದ ಮೇಲೆ ಎಷ್ಟೋ ಊರುಗಳ ಮುಖಗಳು ಮೂಡಿವೆ. ಕಾರ್ಖಾನೆ ಈಗಿಲ್ಲ, ಊಟಿಯ ಹಿಮವನ್ನು ಎಲ್ಲಿಂದಲೋ ಬಂದ ಕಾಗದದ ಮೇಲೆ ಮುದ್ರಿಸಬೇಕು.

ಕಪ್ಪಿನ ವಿಷಯದಲ್ಲಿ ಬರೈಟಾದ್ದೇ ಮೇಲುಗೈ. ಅದರ ಗರಿಷ್ಠ ಸಾಂದ್ರತೆ, ಅಂದರೆ ಕಪ್ಪು ಎಷ್ಟು ಗಾಢವಾಗಬಲ್ಲದು ಎಂಬುದರ ಅಳತೆ, 2.2 ದಾಟುತ್ತದೆ, ಮ್ಯಾಟ್ ಕಾಗದದ್ದು 1.6ರ ಆಸುಪಾಸು. ಹುಡುಗ ಅದನ್ನೇ ಎತ್ತಿ ಹಿಡಿದ: “ಇದರಲ್ಲಿ ಮರ ನೋಡಿ ಸಾರ್, ಎಷ್ಟು ಕಪ್ಪು!” ನಿಜ. ಆದರೆ ಮಂಜಿನ ಹಿಂದೆ ನಿಂತ ಶೋಲಾ ಕಾಡಿನ ಮರ ಕಡುಕಪ್ಪಾಗಿ ಕಾಣಬೇಕೇಕೆ? ಆ ಬೆಳಗಿನಲ್ಲಿ ಅದು ಬೂದು ಬಣ್ಣದಲ್ಲೇ ಇತ್ತು. ಹತ್ತಿ ಕಾಗದದ ಮೇಲೆ ಹುಲ್ಲಿನ ಎಳೆಗಳ ತುದಿಯ ಬಿಳುಪು ಮೆತ್ತಗೆ ಕುಳಿತಿತ್ತು. ಓರೆಯಾಗಿ ಹಿಡಿದರೂ ಕಿಟಕಿಯ ಪ್ರತಿಬಿಂಬ ಅಡ್ಡ ಬರಲಿಲ್ಲ. ಮರದ ಚಿತ್ರವೊಂದನ್ನು ಮಾತ್ರ ಬರೈಟಾದಲ್ಲಿ ತೆಗೆಸಲೇ ಎಂಬ ಆಸೆ ಬಂದದ್ದುಂಟು. ಪಕ್ಕಪಕ್ಕದಲ್ಲಿ ತೂಗುಹಾಕಿದರೆ ಎರಡು ಬಿಳುಪುಗಳು ಜಗಳಕ್ಕಿಳಿಯುತ್ತವೆ, ಅದಕ್ಕೇ ಬಿಟ್ಟೆ.

ಕಂಪ್ಯೂಟರಿನ ಲೆಕ್ಕದಲ್ಲಿ ಕಡುಕಪ್ಪು 0, ಅಚ್ಚ ಬಿಳಿ 255. ಅತಿ ಬಿಳಿಯಾದ ಭಾಗವನ್ನು 255ರಿಂದ 245ರ ಸುತ್ತ ಇಳಿಸಲು ಹೇಳಿದೆ. ಅಲ್ಲಿ ತುಸು ಶಾಯಿ ಬಿದ್ದರೆ ತಾನೇ ಇಬ್ಬನಿಯ ಹರಳು ಕಾಣುವುದು? “ಮಂಕಾಗುತ್ತದೆ ಸಾರ್” ಎಂದ. ಆಗಲಿ ಎಂದೆ. ನನಗೆ ಬೇಕಾದ ಅಳತೆಯ ಹತ್ತಿ ಕಾಗದ ಅಂಗಡಿಯಲ್ಲಿರಲಿಲ್ಲ; ಬೆಂಗಳೂರಿನಿಂದ ತರಿಸಬೇಕೆಂದು ಮುಂಗಡ ಕೇಳಿದ. ಕೊಟ್ಟು, ಗಾಜು ಹಾಕದೆ ಕಟ್ಟು ಹಾಕಿಸಿದರೆ ಎಷ್ಟಾಗುತ್ತದೆ ಎಂದು ವಿಚಾರಿಸಿದೆ. ಗಾಜಿಲ್ಲದ ಕಟ್ಟಿಗೆ ತನ್ನ ಬಳಿ ದರವೇ ಇಲ್ಲ ಎಂದ.