ಮಹಡಿ ಮೇಲೆ ಕಾಫಿ ಮೂಟೆ ಇಡ್ತೀರಾ? ಮೊದಲೇ ಹೇಳಿಬಿಡಿ

ಮನೆ ಕಟ್ಟಿಸಲು ನನ್ನ ಹತ್ತಿರ ಬರುವವರು ಮೊದಲು ಕೇಳುವುದು ಕಬ್ಬಿಣ ಎಷ್ಟು ಟನ್ ಬೇಕು ಅಂತ. ನಾನು ಕೇಳುವುದು ಬೇರೆ. ಮೇಲಿನ ರೂಮಲ್ಲಿ ಏನಿಡ್ತೀರಿ? ಚಿಕ್ಕಮಗಳೂರು ಕಡೆ ಇದನ್ನು ಕೇಳದೆ ಡ್ರಾಯಿಂಗ್ ಕೊಡುವುದು ನನಗಂತೂ ಧೈರ್ಯ ಸಾಲದ ಕೆಲಸ.

ಯಾಕೆಂದರೆ ಇಲ್ಲಿ ಬೆಡ್‌ರೂಮ್ ಯಾವಾಗ ಗೋಡೌನ್ ಆಗುತ್ತೋ ಹೇಳಕ್ಕಾಗಲ್ಲ. ರೇಟು ಏರಲಿ ಅಂತ ಚೆರ್ರಿಯನ್ನು, ಅಂದರೆ ಒಣಗಿಸಿದ ಕಾಫಿ ಹಣ್ಣನ್ನು, ಮೂಟೆ ಕಟ್ಟಿಡುತ್ತಾರೆ. ಮಳೆಗಾಲ ಬಂತು, ಕೆಳಗೆ ಥಂಡಿ ಅಂತ ಮಹಡಿಗೆ ಸಾಗಿಸುತ್ತಾರೆ.

ಲೆಕ್ಕ ನೋಡಿ. ಕಟ್ಟಡಕ್ಕೆ ಎಷ್ಟು ಭಾರ ಹಿಡಿಯಬೇಕು ಅಂತ ಹೇಳುವ ಭಾರತೀಯ ಮಾನದಂಡ ಐಎಸ್ 875ರ ಎರಡನೇ ಭಾಗದ ಪ್ರಕಾರ ವಾಸದ ರೂಮಿಗೆ ನಾವು ಹಿಡಿಯುವ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ. 50 ಕೆಜಿ ಮೂಟೆ ಮಲಗಿಸಿದರೆ ಹೆಚ್ಚು ಕಡಿಮೆ ಅರ್ಧ ಚದರ ಮೀಟರ್ ಜಾಗ ಹಿಡಿಯುತ್ತೆ. ಒಂದರ ಮೇಲೊಂದು ಐದು ಪೇರಿಸಿ, ಅಷ್ಟು ಜಾಗಕ್ಕೇ 250 ಕೆಜಿ. ಚದರ ಮೀಟರಿಗೆ 500! ಇದು ಮೋಲ್ಡಿನ ಸ್ವಂತ ತೂಕ ಬಿಟ್ಟು. ಐದಿಂಚಿನ ಮೋಲ್ಡು ತಾನೇ ಚದರ ಮೀಟರಿಗೆ 300 ಕೆಜಿ ಮೇಲಿರುತ್ತೆ.

"ಮೇಡಂ, ಮಗಳ ಮದುವೇಲಿ ಮೇಲೆ ಅಷ್ಟು ಜನ ಕುಣಿದ್ರು, ಏನೂ ಆಗ್ಲಿಲ್ವಲ್ಲ?" ಅಂತ ಮೂಡಿಗೆರೆಯ ಪ್ಲಾಂಟರ್ ಒಬ್ಬರು ಕೇಳಿದರು. ಆಗಲಿಲ್ಲ ನಿಜ. ಚದರ ಮೀಟರಿಗೆ 60 ಕೆಜಿಯವರು ಮೂರು ಜನ ಅಂತ ಹಿಡಿದರೂ 180 ಕೆಜಿ, ಅಷ್ಟೇ. ಜೊತೆಗೆ ನೆಂಟರು ಊಟ ಮಾಡಿ ಹೋಗುತ್ತಾರೆ, ಮೂಟೆ ತಿಂಗಳುಗಟ್ಟಲೆ ಕೂತಿರುತ್ತೆ. ಒಂದೇ ಸಮ ಭಾರ ಹೊತ್ತ ಕಾಂಕ್ರೀಟು ನಿಧಾನಕ್ಕೆ ಬಾಗುತ್ತಲೇ ಹೋಗುತ್ತೆ. ಇದಕ್ಕೆ ಕ್ರೀಪ್ ಅಂತಾರೆ. ಮೊದಲ ವಾರ ಏನೂ ಕಾಣಲಿಲ್ಲ ಅಂದ್ರೆ ಗಟ್ಟಿ ಇದೆ ಅಂತಲ್ಲ.

"ನೀವು ಲೆಕ್ಕದಲ್ಲಿ ಭಾರಾನ ಹೇಗೂ ಒಂದೂವರೆ ಪಟ್ಟು ಹಿಡೀತೀರಲ್ಲ" ಎನ್ನುವವರೂ ಇದ್ದಾರೆ. ಹಿಡಿಯುತ್ತೇವೆ. ಆದರೆ ಅದು ಎಲ್ಲೋ ಸ್ವಲ್ಪ ಭಾರ ಹೆಚ್ಚಾದರೆ, ಅಳತೆ ಅತ್ತಿತ್ತ ಆದರೆ ಅಂತ ಇಟ್ಟಿರುವುದು. ಬೇಕಂತಲೇ ಗೋಡೌನ್ ಮಾಡಿಕೊಳ್ಳಲು ಅಲ್ಲ.

ಬೇಲೂರಿಗೆ ಹೋದಾಗ ಶಿಲ್ಪ ನೋಡಿ, ಜೊತೆಗೆ ಕಂಬಗಳ ನಡುವಿನ ಅಂತರವನ್ನೂ ನೋಡಿ. ಕಲ್ಲು ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಭಾರ ಬಿದ್ದಾಗ ಕಲ್ಲಿನ ತೊಲೆ ಅಡಿಯಿಂದ ಸೀಳುತ್ತೆ. ಅದಕ್ಕೇ ಕಂಬಗಳು ಹತ್ತಿರ ಹತ್ತಿರ. ಕಾಂಕ್ರೀಟಿನದೂ ಅದೇ ಗುಣ, ಆ ಎಳೆತಕ್ಕೇ ಕಂಬಿ ಹಾಕುವುದು. ರೂಮಿನ ನಡುವೆ ಎಳೆತ ಮೋಲ್ಡಿನ ಅಡಿಯಲ್ಲಿ. ಹೊರಗೆ ಚಾಚಿದ ಬಾಲ್ಕನಿ, ಸಜ್ಜಾಗಳಲ್ಲಿ ಮೇಲುಗಡೆ. ಕಾಂಕ್ರೀಟ್ ಸುರಿಯುವ ಗಡಿಬಿಡಿಯಲ್ಲಿ ಆಳುಗಳು ತುಳಿದು ಆ ಕಂಬಿ ಕೆಳಗಿಳಿದರೆ ಇದ್ದೂ ಇಲ್ಲದ ಹಾಗೆ. ಅವತ್ತು ನಾನು ಸಜ್ಜಾದ ಹತ್ತಿರವೇ ನಿಂತಿರುತ್ತೇನೆ. ಮೇಸ್ತ್ರಿಗೆ ಇದು ಇಷ್ಟವಾಗಲ್ಲ. ಆಗದಿದ್ದರೆ ಬೇಡ.

ಮೂಟೆ ಮೇಲೇ ಇಡಬೇಕಾ? ಇಡಿ. ಮೊದಲೇ ಹೇಳಿದರೆ ಆ ರೂಮಿಗೆ ಗೋಡೌನಿನ ಲೆಕ್ಕ ಹಿಡಿದು ಮೋಲ್ಡ್ ದಪ್ಪ ಮಾಡಬಹುದು, ನಡುವೆ ಒಂದು ಬೀಮ್ ಕೊಡಬಹುದು, ಪಾಯವನ್ನೂ ಅದಕ್ಕೆ ತಕ್ಕಂತೆ ಅಗಲಿಸಬಹುದು. ಎಲ್ಲ ಮುಗಿದ ಮೇಲೆ ಹೇಳಿದರೆ ಕೆಳಗಿನ ಹಾಲಿನಲ್ಲಿ ಕಬ್ಬಿಣದ ಕಂಬ ನಿಲ್ಲಿಸಬೇಕಾಗುತ್ತೆ. ಆಮೇಲೆ ಟಿವಿ ಎಲ್ಲಿಡೋದು ಅಂತ ಮನೆಯವರು ನನ್ನನ್ನೇ ಕೇಳುತ್ತಾರೆ.