ಕ್ಯಾಪಿಬಾರಾ ಪಾಠಕ್ಕೆ ಹೆಗ್ಗಣದ ತಲೆಬುರುಡೆ

ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರಾಣಿಗಳ ವರ್ಗೀಕರಣ ಅಂದ ಕೂಡಲೇ ಕ್ಲಾಸಿನಲ್ಲಿ ಆಕಳಿಕೆ ಶುರು. ಅದಕ್ಕೇ ಈಗೀಗ ದಕ್ಷಿಣ ಅಮೆರಿಕದ ದಪ್ಪ ಪ್ರಾಣಿ ಕ್ಯಾಪಿಬಾರಾದಿಂದ ಆರಂಭಿಸುತ್ತೇನೆ. ರೀಲ್ಸ್ ಪುಣ್ಯ, ಅದನ್ನು ನೋಡದ ಹುಡುಗರೇ ಇಲ್ಲ.

ಫೋಟೋ ತೋರಿಸಿ ಕೇಳೋದು ಒಂದೇ ಪ್ರಶ್ನೆ: ‘ಇದು ಯಾರ ಪೈಕಿ?’

ಹಂದಿ ಅನ್ನುವವರು ಜಾಸ್ತಿ. ಕೆಲವರು ನೀರಾನೆ ಅಂತಾರೆ. ಹರಿಹರದ ಕಡೆಯವರು ತುಂಗಭದ್ರೆಯ ನೆನಪಲ್ಲಿ ನೀರುನಾಯಿ ಅನ್ನೋದೂ ಉಂಟು. ಹಂದಿ ಅಂದವರನ್ನು ನೋಡಿ ನಾನು ನಗೋದಿಲ್ಲ. 1766ರಲ್ಲಿ, ಜೀವಿಗಳನ್ನು ಗುಂಪು ಮಾಡಿ ಹೆಸರಿಟ್ಟ ವಿಜ್ಞಾನಿ ಲಿನೇಯಸ್ ಕೂಡ ಅದನ್ನು ಹಂದಿಯ ಕುಲಕ್ಕೇ ಸೇರಿಸಿದ್ದ!

ಆಮೇಲೆ ಲ್ಯಾಬಿನಿಂದ ಹೆಗ್ಗಣದ ತಲೆಬುರುಡೆ ತಂದು ಬೆಂಚಿನಿಂದ ಬೆಂಚಿಗೆ ಕಳಿಸುತ್ತೇನೆ. ಮೇಲೆ ಎರಡು, ಕೆಳಗೆ ಎರಡು ಉದ್ದನೆಯ ಬಾಚಿಹಲ್ಲು. ಮುಂಭಾಗ ಕಿತ್ತಳೆ ಬಣ್ಣ. ಅಲ್ಲಿ ಗಟ್ಟಿ ಎನಾಮೆಲ್ ಇದೆ, ಹಿಂದೆ ಇರೋದು ಅದಕ್ಕಿಂತ ಮೆತ್ತಗಿನ ಡೆಂಟಿನ್ ಅನ್ನೋ ಪದರ. ಕಡಿದಂತೆಲ್ಲ ಹಿಂಭಾಗ ಬೇಗ ಸವೆದು, ತುದಿ ಬಡಗಿಯ ಉಳಿಯಂತೆ ಓರೆಯಾಗಿ ಚೂಪಾಗುತ್ತದೆ. ಸವೆದರೂ ಚಿಂತೆಯಿಲ್ಲ, ಈ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಕೋರೆಹಲ್ಲು ಹುಡುಕಿ ಅಂದರೆ ಸಿಗೋದಿಲ್ಲ. ಅದರ ಜಾಗದಲ್ಲಿ ಖಾಲಿ ಸಂದಿ, ಅದರಾಚೆ ದವಡೆಹಲ್ಲು.

ಇಷ್ಟಾದ ಮೇಲೆ ಕ್ಯಾಪಿಬಾರಾ ಬಾಯಿ ತೆರೆದಿರುವ ಫೋಟೋ. ಅದೇ ಬಾಚಿಹಲ್ಲು, ಅದೇ ಸಂದಿ. ದಂಶಕ ಗಣ, ಅಂದರೆ ಇಲಿ-ಹೆಗ್ಗಣಗಳ ಗುಂಪು ಅಂತ ನಾನು ಹೇಳಬೇಕಾಗಿಲ್ಲ, ಅವರೇ ಹೇಳುತ್ತಾರೆ. ನೀರುನಾಯಿಗಾದರೆ ಮೀನು ಹಿಡಿಯಲು ಕೋರೆಹಲ್ಲು ಇದೆ. ಅದು ಮಾಂಸಾಹಾರಿ ಗಣ, ಬೇರೆಯೇ ಮನೆತನ.

ಗಣ ಒಂದೇ ಆದರೂ ಕುಟುಂಬ ಬೇರೆ. ಹೆಗ್ಗಣ ಮ್ಯೂರಿಡೇ, ಕ್ಯಾಪಿಬಾರಾ ಕೇವಿಯಿಡೇ. ಅಂದರೆ ಅದರ ಹತ್ತಿರದ ನೆಂಟ ಗಿನಿ ಪಿಗ್. ಒಂದು ಅಂಗೈಯಲ್ಲಿ ಕೂರುತ್ತೆ, ಇನ್ನೊಂದು 50 ಕಿಲೋ ದಾಟುತ್ತೆ. ಬದುಕಿರುವ ದಂಶಕಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

‘ಹಾಗಾದ್ರೆ ನೀರಿನ ಕಥೆ ಏನು ಮೇಡಂ?’ ಈ ಪ್ರಶ್ನೆ ಬಂದೇ ಬರುತ್ತದೆ, ಬರಲಿ ಅಂತಲೇ ಕಾಯುತ್ತಿರುತ್ತೇನೆ. ಬ್ರೆಜಿಲಿನ ಪಾಂತನಾಲ್ ಜೌಗು ಪ್ರದೇಶ, ವೆನೆಜುವೆಲಾ ಮತ್ತು ಕೊಲಂಬಿಯಾದ ಯಾನೋಸ್ ಹುಲ್ಲುಗಾವಲು ಅದರ ನೆಲೆ. ಮೇಯಲು ಹುಲ್ಲು, ಪಕ್ಕದಲ್ಲೇ ನೀರು, ಎರಡೂ ಬೇಕು. ಜಾಗ್ವಾರ್ ಕಂಡರೆ ನೀರಿಗೆ ಧುಮುಕುತ್ತದೆ. ಕಣ್ಣು, ಕಿವಿ, ಮೂಗು ಮೂರೂ ತಲೆಯ ಮೇಲ್ಭಾಗದಲ್ಲಿ ಇರೋದರಿಂದ ಮೈ ಮುಳುಗಿಸಿಕೊಂಡೇ ಸುತ್ತ ನೋಡಬಹುದು. ಬೆರಳುಗಳ ನಡುವೆ ಸ್ವಲ್ಪ ಜಾಲಪೊರೆಯೂ ಇದೆ. ದಂಶಕಗಳೇ ಆದ ಬೀವರ್ ಕ್ಯಾಸ್ಟೋರಿಡೇ ಕುಟುಂಬ, ಮಸ್ಕ್‌ರ್‍ಯಾಟ್ ಕ್ರಿಸೆಟಿಡೇ, ಇವೂ ನೀರಿಗಿಳಿದವು, ಆದರೆ ಬೇರೆ ಬೇರೆ ದಾರಿಯಲ್ಲಿ. ನಮ್ಮ ಗದ್ದೆಯ ಹೆಗ್ಗಣವೂ ಚೆನ್ನಾಗಿ ಈಜುತ್ತೆ, ಹಾಗಂತ ಅದನ್ನು ಈ ಸಾಲಿಗೆ ಸೇರಿಸೋಕಾಗಲ್ಲ. ಇರುವ ಜಾಗ ನೋಡಿ ಗುಂಪು ಕಟ್ಟಿದರೆ ಎಡವಟ್ಟು ಅನ್ನೋದು ಇಲ್ಲಿ ಮಕ್ಕಳಿಗೆ ತಾನಾಗೇ ಹೊಳೆಯುತ್ತದೆ.

ನಾನು ಈ ಕೆಲಸದಲ್ಲಿ ಕಲಿತದ್ದು ಪಾಠದ ಕ್ರಮ. ಮೊದಲು ಕೈಗೆ ಮೂಳೆ, ಆಮೇಲೆ ಹೆಸರು. ಹೆಸರು ಮೊದಲು ಕೊಟ್ಟರೆ ಸುಮ್ನೆ ಬರೆದುಕೊಳ್ಳುತ್ತಾರೆ ಅಷ್ಟೇ.

‘ಸೂಳೆಕೆರೆಗೆ ತಂದು ಬಿಟ್ಟರೆ ಬದುಕುತ್ತಾ?’ ಅಂತ ಒಬ್ಬರಾದರೂ ಕೇಳುತ್ತಾರೆ. ಆಗ ಕೊಯ್ಪು ಕಥೆ ಹೇಳುತ್ತೇನೆ. ಅದೂ ದಕ್ಷಿಣ ಅಮೆರಿಕದ ನೀರಿನ ದಂಶಕವೇ. ತುಪ್ಪಳಕ್ಕಾಗಿ ಬ್ರಿಟನ್ನಿಗೆ ತಂದು ಸಾಕಿದರು. ತಪ್ಪಿಸಿಕೊಂಡವು ಹಳ್ಳದ ದಡಗಳನ್ನು ಕೊರೆದು, ಬೆಳೆ ತಿಂದು ರಂಪ ಮಾಡಿದವು. ಹಿಡಿದು ಹಿಡಿದು 1989ರ ಹೊತ್ತಿಗೆ ಪೂರ್ತಿ ತೆಗೆದರು. ಇದನ್ನು ಕೇಳಿದ ನಾಲೆ ಬಯಲಿನ ಹುಡುಗನೊಬ್ಬ ‘ಬೇಡಪ್ಪಾ, ನಮ್ಮ ಬದುವಿಗೆ ಹೆಗ್ಗಣವೇ ಸಾಕು’ ಅಂದ.